ಜ್ಯೂನಿಯರ್ ಇಂದುಮತಿಯ ಕಾಲುಪೇಟಿ

ನಾನೊಂದು ಕಾಲುಪೇಟಿ. ಹಾಗೆಂದರೆ ಏನು ಎಂದು ಕೇಳುವವರೇ ಈಗ ಜಾಸ್ತಿ, ಅದಕ್ಕೇ ನನಗೆ ಸಿಟ್ಟು. ಹಾರ್ಮೋನಿಯಂ ಕಂಡಿದ್ದೀರಲ್ಲ? ಅದನ್ನು ನೆಲದ ಮೇಲಿಟ್ಟು ಒಂದು ಕೈಯಲ್ಲಿ ತಿದಿ ಒತ್ತುತ್ತ, ಇನ್ನೊಂದು ಕೈಯಲ್ಲಿ ನುಡಿಸುತ್ತಾರೆ. ನಾನು ಹಾಗೆ ನೆಲಕ್ಕೆ ಕೂರುವ ಪೈಕಿ ಅಲ್ಲ. ನನಗೆ ನಾಲ್ಕು ಕಾಲು, ಮೇಜಿನಷ್ಟು ಎತ್ತರ. ನುಡಿಸುವವರು ಕುರ್ಚಿಯ ಮೇಲೆ ಕೂತು, ಎರಡೂ ಪಾದಗಳಿಂದ ನನ್ನ ಕೆಳಗಿನ ಹಲಗೆಗಳನ್ನು ತುಳಿಯಬೇಕು. ತುಳಿದರೆ ಉಸಿರು, ತುಳಿಯದಿದ್ದರೆ ಬರೀ ಕಟ್ಟಿಗೆ. ಹೇಳಬೇಕಾದದ್ದು ಎದೆಯ ತುಂಬ ಇದ್ದರೂ ಯಾರಾದರೂ ಬಂದು ತುಳಿಯುವ ತನಕ ಬಾಯಿ ಬಿಡುವ ಹಾಗಿಲ್ಲ. ಇಂಥ ಜನ್ಮ ನನ್ನದು.

ಹುಟ್ಟಿದ್ದು ಮಿರಜದ ಒಂದು ಓಣಿಯಲ್ಲಿ. ನನ್ನನ್ನು ಮಾಡಿದ ಮುದುಕ ಸಾಗವಾನಿ ಹಲಗೆ ಕೂಡಿಸಿ, ಒಂದೊಂದು ಹಿತ್ತಾಳೆ ನಾಲಗೆಯನ್ನೂ ಕಿವಿಯ ಹತ್ತಿರ ಹಿಡಿದು ಮೀಟಿ, ಅರದಿಂದ ಕೆರೆದು, ಮತ್ತೆ ಮೀಟಿ ಸುರ ಕೂಡಿಸಿದ. ನನ್ನ ಮೇಲೆ ಮೂವತ್ತೊಂಬತ್ತು ಮನೆಗಳಿವೆ. ಬೆರಳಿನಿಂದ ಒತ್ತುವ ಬಿಳಿ, ಕಪ್ಪು ಪಟ್ಟಿಗಳಿಗೆ ನಮ್ಮ ಕಸುಬಿನಲ್ಲಿ ಮನೆ ಎಂದೇ ಹೆಸರು. ಹಾಡುವವರ ಕಂಠ ಯಾವ ಮನೆಯಲ್ಲಿ ಆರಾಮವಾಗಿ ಕೂಡುತ್ತದೋ ಅದನ್ನು ‘ಸ’ ಎಂದು ಹಿಡಿಯುತ್ತಾರೆ. ಅದೇ ಅವರ ಸುರ. ಬಿಳಿಯನ್ನೂ ಕಪ್ಪನ್ನೂ ಬೇರೆ ಬೇರೆಯಾಗಿ ಎಡದಿಂದ ಎಣಿಸುತ್ತಾರೆ, ಬಲಕ್ಕೆ ಹೋದಷ್ಟೂ ಸುರ ಎತ್ತರ. ಒಬ್ಬರದು ಕಪ್ಪು ಒಂದು, ಇನ್ನೊಬ್ಬರದು ಬಿಳಿ ನಾಲ್ಕು. ಕಾಲಿಗೆ ತಕ್ಕ ಚಪ್ಪಲಿ ಇದ್ದ ಹಾಗೆ. ಇದಿಷ್ಟು ನೆನಪಿಟ್ಟುಕೊಳ್ಳಿ, ಮುಂದಿನ ರಗಳೆಯೆಲ್ಲ ಇದರದೇ.

ಶ್ರೀ ಹಾಲಗಂಗಾಧರ ನಾಟ್ಯ ಸಂಘದ ಮಾಲಕರು ಸಂಗನಬಸಪ್ಪನವರು ನನ್ನನ್ನು ಕೊಂಡು ಲಾರಿಗೆ ಹಾಕಿದರು. ಅವರದು ಊರೂರು ತಿರುಗುವ ಕಂಪನಿ. ಒಂದೂರಲ್ಲಿ ತಗಡಿನ ಥೇಟರು ಎಬ್ಬಿಸಿ ಎರಡು ಮೂರು ತಿಂಗಳು ನಾಟಕ ಆಡುವುದು, ಮತ್ತೆ ಗಂಟು ಕಟ್ಟುವುದು. ಅದಕ್ಕೆ ಕ್ಯಾಂಪು ಎನ್ನುತ್ತಿದ್ದರು. ರಂಗದ ಮುಂದಿನ ತಗ್ಗಿನಲ್ಲಿ ನನ್ನ ಜಾಗ. ಅಲ್ಲಿಂದ ನನಗೆ ರಾಜರೂ ರಾಣಿಯರೂ ಮೊಣಕಾಲಿನ ತನಕ ಮಾತ್ರ ಕಾಣುತ್ತಿದ್ದರು.

ನನ್ನನ್ನು ತುಳಿದವರು ಪೇಟಿ ಮಾಸ್ತರ ವೀರಪ್ಪನವರು. ಇಡೀ ಜಿಲ್ಲೆಯಲ್ಲಿ ಅವರ ಬೆರಳಿಗೆ ಸರಿಸಾಟಿ ಇಲ್ಲ ಎಂದು ಜನ ಹೇಳುತ್ತಿದ್ದರು, ಅವರು ಅದನ್ನು ನಂಬಿದ್ದರು. ನಿಜಕ್ಕೂ ಆ ಬೆರಳುಗಳ ಓಟ ಹಾಗೇ ಇತ್ತು. ಒಂದೇ ಕುಂದು. ಅವರು ಕಪ್ಪು ಐದನ್ನು ಬಿಟ್ಟು ಕದಲುತ್ತಿರಲಿಲ್ಲ. ಮೂವತ್ತೊಂಬತ್ತು ಮನೆ ಇದ್ದರೂ ‘ಸ’ ಮಾತ್ರ ಯಾವಾಗಲೂ ಅಲ್ಲೇ. ನಾಯಕಿಯ ಸುರ ಅದೇ ಇರಬೇಕು, ಅದಕ್ಕೇ ಹೀಗೆ ಎಂದು ನಾನು ತಿಳಿದಿದ್ದೆ.

ನಾಯಕಿಯ ಹೆಸರು ಇಂದುಮತಿ. ಮೈಕು ಸರಿಯಿರದ ಕಾಲ. ಆಕೆ ಕಪ್ಪು ಐದರಿಂದ ಎತ್ತಿದರೆ ಹಿಂದಿನ ತಗಡಿಗೆ ಹೋಗಿ ಬಡಿಯುತ್ತಿತ್ತು. ಜನ ಆಕೆಯ ಮುಖ ನೋಡುತ್ತಿದ್ದರು, ನಾನು ಪಾದ ನೋಡುತ್ತಿದ್ದೆ. ಮೇಲಿನ ಸುರಕ್ಕೆ ಹೋದಾಗಲೆಲ್ಲ ಆಕೆಯ ಹೆಬ್ಬೆರಳು ಹಲಗೆಯನ್ನು ಕಚ್ಚಿ ಹಿಡಿಯುತ್ತಿತ್ತು. ಆಹಾ, ಕಾಲಬೆರಳಿನಲ್ಲೂ ಅಭಿನಯ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಆಕೆಗೂ ಮಾಸ್ತರರಿಗೂ ಒಂದು ಹೆಣ್ಣುಮಗು ಆಯಿತು. ಮಾಸ್ತರರಿಗೆ ಊರಲ್ಲಿ ಲಗ್ನದ ಹೆಂಡತಿ, ಮಕ್ಕಳು ಇದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಇಂದುಮತಿ ಮಗುವಿಗೆ ತನ್ನ ಅಜ್ಜಿಯ ಹೆಸರಿಟ್ಟಳು, ನಿಂಬೆವ್ವ. ಕೂಸು ಅಂಬೆಗಾಲಿಡುತ್ತಾ ಬಂದು ನನ್ನ ಕಾಲು ಹಿಡಿದೇ ಎದ್ದು ನಿಂತಿತು. ಮಾತು ಬಂದ ಮೇಲೆ ಎಡಗಡೆಯ ದಪ್ಪ ಸುರದ ಮನೆಗಳನ್ನು ಒತ್ತಿಸಿಕೊಂಡು ಅದರ ಜೊತೆಗೇ ‘ಊಂ’ ಎಂದು ಗುನುಗುತ್ತಿತ್ತು. ಆಗಲೇ ನನಗೆ ಅನಿಸಿತ್ತು, ಈ ಕೂಸಿನ ಕಂಠ ಕೆಳಗಿನದು ಎಂದು. ಅನಿಸಿದರೆ ಏನು ಬಂತು?

ನಿಂಬೆವ್ವನಿಗೆ ಹತ್ತು ತುಂಬಿದ ವರ್ಷ ನನ್ನ ತಿದಿ ಹರಿದು, ಎರಡು ವಾರ ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿ ಬಿದ್ದಿದ್ದೆ. ತಿರುಗಿ ಬಂದಾಗ ಕಂಪನಿಯಲ್ಲಿ ಇಂದುಮತಿ ಇರಲಿಲ್ಲ. “ಓಡಿ ಹೋದ್ಲು” ಎಂದರು ಮಾಸ್ತರರು. ಅಡುಗೆಯವರಿಂದ ಪರದೆ ಎಳೆಯುವವರ ತನಕ ಎಲ್ಲರೂ ಅದನ್ನೇ ಅಂದರು. ಯಾರ ಜೊತೆ ಎಂದು ಕೇಳಿದರೆ ಒಬ್ಬರು ಲಾರಿ ಡ್ರೈವರ್ ಎಂದರು, ಇನ್ನೊಬ್ಬರು ಅರಿವೆ ಅಂಗಡಿಯವ ಎಂದರು. ನಿಂಬೆವ್ವ ನನ್ನ ಹಿಂಬದಿಗೆ ಮುಖ ಒತ್ತಿ ಎಷ್ಟೋ ಹೊತ್ತು ನಿಂತಿದ್ದಳು. ಅವಳ ಉಸಿರಿನ ಬಿಸಿ ನನ್ನ ಹಲಗೆಗೆ ತಾಗುತ್ತಿತ್ತು. ನನಗೆ ಅವಳ ತಾಯಿಯ ಮೇಲೆ ಕೆಂಡದಂಥ ಸಿಟ್ಟು ಬಂತು.

ಮರುದಿನದಿಂದಲೇ ಪಾಠ. ಮಾಸ್ತರರು ಕಪ್ಪು ಐದು ಒತ್ತಿ, “ಹಿಡಿ” ಎಂದರು. ಕೂಸು ಹಿಡಿಯಲು ನೋಡಿತು. ಕೆಳಗಿನ ಮೂರು ಸುರ ಹೇಗೋ ಬಂದವು, ನಾಲ್ಕನೆಯದಕ್ಕೆ ಕತ್ತಿನ ನರ ಎದ್ದವು, ಐದನೆಯದಕ್ಕೆ ದನಿ ಒಡೆಯಿತು. ಮಾಸ್ತರರ ಕೈಯಲ್ಲಿದ್ದ ತಾಳದ ಕೋಲು ಅದರ ಬೆರಳ ಗಂಟಿನ ಮೇಲೆ ಬಿತ್ತು.

“ನಿಮ್ಮವ್ವ ಹಾಡತಿದ್ಲು. ನಿನಗೇನ ಧಾಡಿ?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವಳು ಸರಿಯಾಗೇ ಇದ್ದಳು, ನೆಲವೇ ಡೊಂಕು. ನಾಲ್ಕೈದು ಮನೆ ಕೆಳಗೆ ಬನ್ನಿ ಮಾರಾಯರೇ, ಬೆರಳನ್ನು ನಾಲ್ಕು ಅಂಗುಲ ಎಡಕ್ಕೆ ಸರಿಸಿ, ಮಗು ಹಕ್ಕಿಯ ಹಾಗೆ ಹಾಡುತ್ತದೆ ಎಂದು ನಾನು ಒಳಗೇ ಬಡಕೊಂಡೆ. ಅವರು ತುಳಿದರು, ನಾನು ಕಪ್ಪು ಐದನ್ನೇ ಕೂಗಿದೆ. ಆ ಮಗುವಿಗೆ ಏಟು ಬಿದ್ದದ್ದು ನನ್ನ ದನಿಯ ಲೆಕ್ಕದಲ್ಲೇ.

ಜ್ಯೇಷ್ಠಮಧು ತಿನ್ನಿಸಿದರು, ಕಲ್ಲುಸಕ್ಕರೆ ಮೆಣಸು ನೆಕ್ಕಿಸಿದರು, ಬೆಳಗಿನ ಚಳಿಯಲ್ಲಿ ಬಾವಿಯ ನೀರಿನಲ್ಲಿ ಕತ್ತಿನ ತನಕ ನಿಲ್ಲಿಸಿದರು. ಹದಿನಾಲ್ಕನೆಯ ವಯಸ್ಸಿಗೆ ತಾಯಿಯ ಸೀರೆ ಉಡಿಸಿ, ತಾಯಿಯ ನಾಟಕದಲ್ಲಿ, ತಾಯಿಯ ಪಾತ್ರಕ್ಕೆ ಹತ್ತಿಸಿದರು. ಬೋರ್ಡಿನ ಮೇಲೆ ಏನು ಬರೆಯುವುದು ಎಂಬ ಪ್ರಶ್ನೆ ಬಂತು. “ನಿಂಬೆವ್ವ ಅಂದ್ರ ಟಿಕೀಟ ಹರಿತಾವೇನ್ರಿ?” ಎಂದು ನಕ್ಕರು ಸಂಗನಬಸಪ್ಪನವರು. ‘ಜ್ಯೂನಿಯರ್ ಇಂದುಮತಿ’ ಎಂದು ಆಳೆತ್ತರ ಬರೆಸಿದರು. ಓಡಿ ಹೋದವಳ ಹೆಸರನ್ನೇ ಮಗಳ ಹಣೆಗೆ ಅಂಟಿಸಿದರು. ಅಂದಿನಿಂದ ಕಂಪನಿಯಲ್ಲಿ ಅವಳನ್ನು ನಿಂಬೆವ್ವ ಎಂದು ಕರೆದವರೇ ಇಲ್ಲ. “ಏ ಜ್ಯೂನಿಯರ್, ಚಾ ಕುಡದೀ?” “ಜ್ಯೂನಿಯರ್, ನಿನ್ನ ಎಂಟ್ರಿ ಬಂತು.” ನಲವತ್ತರ ಹೆಂಗಸಾದರೂ ಜ್ಯೂನಿಯರ್! ಎಲ್ಲಾದರೂ ಉಂಟೇ?

ಇನ್ನು ಅವಳ ಕೀರ್ತಿಯ ಕಥೆ ಕೇಳಿ, ನಗಬೇಕೋ ಅಳಬೇಕೋ ನೀವೇ ಹೇಳಿ. ಆ ನಾಟಕದಲ್ಲಿ ಕೂಸನ್ನು ಕಳಕೊಂಡ ತಾಯಿಯ ಒಂದು ಹಾಡಿದೆ. ಮೊದಲ ದಿನವೇ ಮೇಲಿನ ಸುರದಲ್ಲಿ ನಿಂಬೆವ್ವನ ದನಿ ಸೀಳಿತು. ಹುಡುಗಿ ಹೆದರಿ ಗಳಗಳ ಅತ್ತಳು. ಥೇಟರಿನ ತುಂಬ “ಒನ್ಸ್‌ಮೋರ್!” ಎಂದು ಕೂಗು ಎದ್ದಿತು. “ಏನ್ ಅಳತಾಳಪಾ, ಖರೇ ಅತ್ತಂಗ!” ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು. ಒನ್ಸ್‌ಮೋರ್ ಎಂದ ಮೇಲೆ ಮತ್ತೆ ಹಾಡಬೇಕು, ಮತ್ತೆ ಸೀಳಬೇಕು, ಮತ್ತೆ ಅಳಬೇಕು. ಅಂದಿನಿಂದ ಅವಳ ಗಂಟಲಿನ ಬಿರುಕೇ ಕಂಪನಿಯ ಬಂಡವಾಳವಾಯಿತು. ಗಂಡಾಂತರವನ್ನೇ ಗುಣ ಎಂದು ಹೊಗಳಿದರೆ ಯಾರ ಹತ್ತಿರ ಹೋಗಿ ದೂರುವುದು?

ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಅವಳು ಆಟ ಮುಗಿಸಿ ಬಂದು ಬಿಸಿನೀರಿನ ಲೋಟ ನನ್ನ ಮೇಲಿಟ್ಟು, ಮಾತಾಡಲಾರದೆ ಕೈಸನ್ನೆ ಮಾಡುತ್ತಿದ್ದಳು. ಯಾರಾದರೂ ಹಳಬರು ಬಂದು, “ಥೇಟ್ ನಿಮ್ಮವ್ವನ್ನ ನೋಡಿದಂಗ ಆತು ನೋಡವಾ” ಎಂದರೆ ಅವಳ ಮುಖ ಕಪ್ಪಿಡುತ್ತಿತ್ತು. ಒಂದು ಸಲ ಅಡುಗೆಯವಳ ಮುಂದೆ ಅಂದಳು, “ಆಕಿ ಓಡಿ ಹೋಗಿ ಪಾರಾದ್ಲು. ನಾ ಆಕಿ ಆಗಿ ಇಲ್ಲೆ ದುಡಿಯಾಕತ್ತೀನಿ.” ನನ್ನ ಮೇಲೆ ಮೂವತ್ತೊಂಬತ್ತು ಮನೆಗಳಿದ್ದವು, ಅವಳಿಗೆ ಒಂದೂ ಇರಲಿಲ್ಲ.

ಒಂದು ಮಧ್ಯಾಹ್ನ ತಾಲೀಮಿನಲ್ಲಿ ಮಾಸ್ತರರು ನನ್ನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಊರಿನಿಂದ ಹೆಂಡತಿ, ಗಂಡುಮಕ್ಕಳು ಜೀಪಿನಲ್ಲಿ ಬಂದರು. ನಿಂಬೆವ್ವ ತಂದೆಯ ಪಾದದ ಹತ್ತಿರ ಕೂತಿದ್ದಳು. ಹಿರಿಯ ಮಗ ಕೇಳಿದ, “ಇಕಿ ಯಾರು?” ಸಂಗನಬಸಪ್ಪನವರು, “ಕಂಪನಿ ಹೆಣ್ಣಮಗಳ್ರಿ” ಎಂದರು. “ಹಂಗಾರ ಒಂಚೂರು ಸರಿ ಅನ್ರಿ” ಎಂದ ಆತ. ಅವಳು ಸರಿದಳು. ಸರಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ಬೈಯುವುದಕ್ಕಾದರೂ ನನಗೊಂದು ಬಾಯಿ ಬೇಕಿತ್ತು. ಆ ದಿನ ಅನಿಸಿದಷ್ಟು ಯಾವತ್ತೂ ಅನಿಸಿಲ್ಲ.

ಹೊಸ ಪೇಟಿ ಮಾಸ್ತರರಾಗಿ ಗದಗಿನ ಮೌನೇಶ ಬಡಿಗೇರ ಬಂದರು. ಪೇಟಿ ರಿಪೇರಿ ಮನೆತನದ ಕಸುಬು. ಹೆಂಡತಿ ತೀರಿಕೊಂಡು ಎಂಟು ವರ್ಷ ಆಗಿತ್ತು. ಮಾತು ಕಡಿಮೆ, ಕಿವಿ ಚುರುಕು. ಬಂದವರು ಮೊದಲು ನನ್ನ ಒಳಗೆಲ್ಲ ದೂಳು ಕೊಡವಿದರು. ಆಮೇಲೆ ನಿಂಬೆವ್ವನಿಗೆ ಕೇಳಿದರು, “ಬಾಯಾರ, ನಿಮ್ಮ ಸುರ ಯಾವುದ್ರಿ?”

“ಕಪ್ಪು ಐದು.”

“ಅದು ನಾಟಕದ ಸುರ ಆತ್ರಿ. ನಿಮ್ಮದು?”

“ಎರಡೂ ಬ್ಯಾರೆ ಅಲ್ರಿ. ಸುಮ್ಮ ನುಡಸ್ರಿ ಮಾಸ್ತರ” ಎಂದು ಗದರಿಸಿದಳು. ಅಯ್ಯೋ ಪುಣ್ಯಾತ್ಗಿತ್ತಿ! ಇಷ್ಟು ವರ್ಷಕ್ಕೆ ಒಬ್ಬ ಗಂಡಸು ಸರಿಯಾದ ಪ್ರಶ್ನೆ ಕೇಳಿದ, ಅವನಿಗೂ ಬಾಗಿಲು ಹಾಕಿದಳು. ಮೌನೇಶರು ಒಂದು ವಾರ ಕಪ್ಪು ಐದನ್ನೇ ನುಡಿಸಿದರು. ಅವಳ ದನಿ ಸೀಳಿದಾಗಲೆಲ್ಲ ಅವರ ಪಾದ ನನ್ನ ಹಲಗೆಯ ಮೇಲೆ ಗಕ್ಕನೆ ನಿಂತು, ಮತ್ತೆ ತುಳಿಯುತ್ತಿತ್ತು.

ಆಮೇಲೆ ಅವರೊಂದು ಕಳ್ಳತನ ಶುರುಮಾಡಿದರು. ಹೊಸ ಕ್ಯಾಂಪಿಗೆ ಹೋದಾಗ ಯಾರಿಗೂ ಹೇಳದೆ ಒಂದೇ ಒಂದು ಮನೆ ಕೆಳಗಿಳಿದು ಬಿಳಿ ಆರು ಹಿಡಿದರು. ಊರು ಹೊಸದು, ತಗಡು ಹೊಸದು, ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಕ್ಯಾಂಪಿಗೆ ಕಪ್ಪು ನಾಲ್ಕು. ಅದರ ಮುಂದಿನದಕ್ಕೆ ಬಿಳಿ ಐದು. “ಈ ಊರ ನೀರು ಭಾಳ ಚಲೋ ಐತಿ, ಗಂಟಲಾ ಹಗುರ ಆಗೇತಿ” ಎಂದು ನಿಂಬೆವ್ವ ಅಡುಗೆಯವಳಿಗೆ ಹೇಳಿದಳು. ನನಗೆ ಒಳಗೊಳಗೇ ನಗು. ಕಪ್ಪು ಮೂರಾಯಿತು. ಐದನೆಯ ಕ್ಯಾಂಪಿಗೆ ಬಿಳಿ ನಾಲ್ಕು. ಅಲ್ಲಿ ಮೊದಲನೆಯ ಆಟದಲ್ಲೇ ಕೂಸು ಕಳಕೊಂಡ ತಾಯಿಯ ಹಾಡು ಒಂದು ಸೀಳೂ ಇಲ್ಲದೆ ತುದಿ ಮುಟ್ಟಿತು. ಇದೇ ಅವಳ ಮನೆ, ಗೆದ್ದೆವು ಎಂದುಕೊಂಡೆ.

ಗೆದ್ದದ್ದೇನು ಮಣ್ಣು! ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಒನ್ಸ್‌ಮೋರ್ ಬರಲಿಲ್ಲ. ಹಿಂದಿನ ಸಾಲಿನವರು “ಅಳಬೇ!” ಎಂದು ಕೂಗಿದರು. ಮರುದಿನ ಬೆಳಗ್ಗೆ ಸಂಗನಬಸಪ್ಪನವರು ಬಂದವರೇ, “ಜ್ಯೂನಿಯರ್, ನಿನ್ನ ಅಳು ಎಲ್ಲಿ ಹೋತು? ಜನ ಬರೋದು ಅದಕ್ಕ” ಎಂದು ಎಗರಾಡಿದರು. ನಿಂಬೆವ್ವನಿಗೂ ಗಾಬರಿ. ನನ್ನ ಹತ್ತಿರ ಬಂದು ಮೌನೇಶರ ಬೆರಳು ಎಲ್ಲಿದೆ ಎಂದು ನೋಡಿದಳು. ಹುಟ್ಟಿದಾಗಿನಿಂದ ಪೇಟಿಯ ಪಕ್ಕದಲ್ಲೇ ಬದುಕಿದವಳಿಗೆ ತಿಳಿಯದೇ ಇರುತ್ತದೆಯೇ?

“ಇಳಿಸೀರಿ” ಎಂದಳು.

“ಇಳಿಸೀನ್ರಿ. ಒಂದೊಂದ ಕ್ಯಾಂಪಿಗೆ ಒಂದೊಂದ ಮನಿ. ನಿಮ್ಮ ಗಂಟಲಾ ಸಾಯಾಕತ್ತಿತ್ತು ಬಾಯಾರ, ನೋಡಾಕ ಆಗಲಿಲ್ಲ.”

ನಾನು ಅವಳು ಕೈ ಮುಗಿಯುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಚ್ಚಳವನ್ನು ಧಡ್ಡನೆ ಹಾಕಿದಳು. ಮೌನೇಶರ ಬೆರಳು ಅರ್ಧ ಅಂಗುಲದಲ್ಲಿ ಉಳಿದವು.

“ನಮ್ಮಪ್ಪ ಕೇಳದ ಏರಿಸಿದ. ನೀವು ಕೇಳದ ಇಳಿಸಿದ್ರಿ. ಆವ ಕೆಟ್ಟಾಂವ, ನೀವು ಚಲೋ ಮನಷ್ಯಾರು, ಆತು. ನನ್ನ ಕೇಳೂದು ಯಾರು? ನನ್ನ ಗಂಟಲಾ ನನ್ನದ ಹೌದಲ್ಲೋ?”

ಹಾಗೆ ಅವಳು ಕೂಗಿದ್ದನ್ನು ನಾನು ಯಾವ ನಾಟಕದಲ್ಲೂ ಕೇಳಿರಲಿಲ್ಲ. ದನಿ ಸೀಳಲಿಲ್ಲ. ನನಗೆ ನಾಚಿಕೆಯಾಯಿತು. ಒಳಗೊಳಗೇ ನಕ್ಕವನು ನಾನೂ ಅಲ್ಲವೇ? ಮೌನೇಶರು ತಪ್ಪಾಯಿತು ಎಂದರು. ನೆಪ ಹೇಳಲಿಲ್ಲ. ಮುಚ್ಚಳ ತೆಗೆದು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು, “ನಾ ಯಾವ ಮನಿನೂ ಒತ್ತೂದಿಲ್ರಿ. ನೀವು ಮೊದಲ ಹಾಡ್ರಿ. ನೀವು ಎಲ್ಲಿ ನಿಲ್ಲತೀರಿ ಅಲ್ಲಿಗೆ ನಾ ಬರ್ತೀನಿ.”

ಪೇಟಿ ಇಲ್ಲದೆ ಹಾಡುವುದು ಅವಳಿಗೆ ಗೊತ್ತಿರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು. ಆ ದಿನ ಆಗಲಿಲ್ಲ. ಮರುದಿನವೂ ಆಗಲಿಲ್ಲ, “ಬ್ಯಾಡ ಬಿಡ್ರಿ, ಕಪ್ಪು ಐದ ಹಿಡೀರಿ, ಸಾಯ್ತೀನಿ” ಎಂದು ಎದ್ದು ಹೋದಳು. ನಾಲ್ಕನೆಯ ದಿನ ಸೀರೆ ಒಗೆದು ಹಿಂಡುತ್ತಾ ಯಾವ ಲಕ್ಷ್ಯವೂ ಇಲ್ಲದೆ ಏನನ್ನೋ ಗುನುಗಿದಳು. ಮೌನೇಶರು ಬೆರಳಿನ ತುದಿಯಿಂದ ಹುಡುಕಿದರು. ಬಿಳಿ ನಾಲ್ಕು ಅಲ್ಲ. ಅದಕ್ಕೂ ಒಂದು ಮನೆ ಕೆಳಗೆ, ಬಿಳಿ ಮೂರು! ನಾನೂ ಅವರೂ ಇಬ್ಬರೂ ತಪ್ಪು ತಿಳಿದಿದ್ದೆವು. ಅವಳು ಒದ್ದೆ ಸೀರೆ ಹಿಡಿದುಕೊಂಡೇ ಬಂದು ನಿಂತು ಆ ಮನೆಯಲ್ಲಿ ಇಡೀ ಹಾಡು ಹಾಡಿದಳು. ಆ ಕಂಠ ಎಷ್ಟು ದಪ್ಪ, ಎಷ್ಟು ತಂಪು ಎಂದು ನಾನು ಹೇಳಲಾರೆ. ಹಾಡಿ ಮುಗಿಸಿ ನಕ್ಕಳು. ಸೀರೆಯ ನೀರೆಲ್ಲ ನನ್ನ ಹಲಗೆಗಳ ಮೇಲೆ ಸೋರಿತು, ನಾನು ಗೊಣಗಲಿಲ್ಲ.

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಮಾಲಕರ ಮುಂದೆ ಹೋಗಿ, “ಬಿಳಿ ಮೂರು, ಮತ್ತ ಬೋರ್ಡಿನ ಮ್ಯಾಲ ನನ್ನ ಹೆಸರು” ಎಂದಳು.

“ನಿಂಬೆವ್ವ ಅಂತನ? ಸಂತ್ಯಾಗ ಕಾಯಿಪಲ್ಲೆ ಮಾರಾಕಿ ಹೆಸರಿದ್ದಂಗ ಐತಲ್ಲವಾ!”

“ಹಂಗಾರ ಇಂದುಮತಿನ್ನ ಹುಡಿಕ್ಕೊಂಡು ಬಂದು ಹಾಡಸ್ರಿ.”

ಸಂಗನಬಸಪ್ಪನವರು ಬೈದರು, ಗೊಣಗಿದರು, ಬೇರೆ ನಾಯಕಿ ಸಿಗದೆ ಕೊನೆಗೆ ಬರೆಸಿದರು. ಮೊದಲ ಎರಡು ವಾರ ಜನ ಗದ್ದಲ ಮಾಡಿದರು. ಮೂರನೆಯ ವಾರ ತಾಯಿಯ ಹಾಡಿಗೆ ಥೇಟರು ಸುಮ್ಮನಾಯಿತು. ಅವಳು ಅಳಲಿಲ್ಲ, ಹೆಂಗಸರ ಸಾಲಿನವರು ಅತ್ತರು. ಆದರೆ ಕಂಪನಿಗೇ ವಯಸ್ಸಾಗಿತ್ತು. ಎರಡು ವರ್ಷಕ್ಕೆ ತಗಡು ಬಿಚ್ಚಿದರು, ಮತ್ತೆ ಕಟ್ಟಲಿಲ್ಲ. “ಈ ಪೇಟಿ ಯಾರಿಗೆ ಬೇಕ್ರಪಾ, ಒಯ್ರಿ” ಎಂದು ಮಾಲಕರು ನನ್ನನ್ನು ಮೌನೇಶರಿಗೆ ಬಿಟ್ಟರು. ಯಾರಿಗೆ ಬೇಕಂತೆ! ಐವತ್ತು ವರ್ಷ ಅವರ ಕಂಪನಿಯನ್ನು ಹಾಡಿಸಿದ್ದಕ್ಕೆ ಸಿಕ್ಕ ಮಾತು.

ಮದುವೆಯಾಗೋಣವೇ ಎಂದು ಮೌನೇಶರು ನಿಂಬೆವ್ವನನ್ನೂ ಕೇಳಿದರು. ನೆನಪಿಡಿ, ಕೇಳಿದರು. ಅವಳು ಒಂದು ತಿಂಗಳು ಯೋಚಿಸಿ ಹೂಂ ಎಂದಳು. ಗದಗಿನಲ್ಲಿ ರಿಪೇರಿ ಅಂಗಡಿಯ ಹಿಂದೆಯೇ ಮನೆ. ಮುಂದಿನ ಕೋಣೆಯಲ್ಲಿ ನಾನು. ಅಕ್ಕಪಕ್ಕದ ಹುಡುಗಿಯರು ಹಾಡು ಕಲಿಯಲು ಬರುತ್ತಾರೆ. ಸುತ್ತಲಿನ ಹಳ್ಳಿಗಳವರು ನಾಟಕ ಆಡುವಾಗ ನಿಂಬೆವ್ವನನ್ನು ಕರೆಯುತ್ತಾರೆ, ಹ್ಯಾಂಡ್‌ಬಿಲ್ಲಿನಲ್ಲಿ ‘ಗದಗಿನ ಶ್ರೀಮತಿ ನಿಂಬೆವ್ವ ಬಡಿಗೇರ’ ಎಂದು ಅಚ್ಚು ಹಾಕಿಸುತ್ತಾರೆ. ಅವಳು ದಪ್ಪಗಾಗಿದ್ದಾಳೆ, ಮಧ್ಯಾಹ್ನ ನಿದ್ದೆ ಮಾಡುತ್ತಾಳೆ, ಗಂಡನ ಜೊತೆ ಕಾಯಿಪಲ್ಲೆಯ ಉಪ್ಪಿನ ವಿಷಯಕ್ಕೆ ಜಗಳ ಆಡುತ್ತಾಳೆ. ತಾಯಿಯ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಅಷ್ಟೊಂದು ಸುಖದ ನಡುವೆ ಆ ಒಂದು ಮುಳ್ಳು ಹಾಗೇ ಉಳಿದಿತ್ತು.

ಹೋದ ಚೈತ್ರದಲ್ಲಿ ಒಂದು ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಳು. ಕೈಯಲ್ಲಿ ಮಡಿಚಿದ ಹ್ಯಾಂಡ್‌ಬಿಲ್ಲು. “ನಿಂಬೆವ್ವ ಅಂತ ಇಲ್ಲೇ ಅದಾರೇನ್ರಿ?” ಎಂದಳು. ದನಿಯಲ್ಲ ಅದು, ಬರೀ ಗಾಳಿ. ಹೆಸರುಬೇಳೆ ಆರಿಸುತ್ತಿದ್ದ ನಿಂಬೆವ್ವ ತಲೆಯೆತ್ತಿ, “ನಾನ. ನೀವು ಯಾರ್ರಿ?” ಎಂದಳು.

“ಆ ಹೆಸರ ಇಟ್ಟಾಕಿ.”

ನಾನು ಮುಖ ಗುರುತಿಸಲಿಲ್ಲ, ಇಂದುಮತಿಯ ಪಾದ ಬಿಟ್ಟು ಮುಖ ನಾನು ನೋಡಿದವನೇ ಅಲ್ಲ. ನಿಂಬೆವ್ವ ಕುಳಿತಲ್ಲೇ ಕುಳಿತಿದ್ದಳು. ಮೌನೇಶರು ಒಂದು ತಂಬಿಗೆ ನೀರು ತಂದು ಮುದುಕಿಯ ಮುಂದಿಟ್ಟು ಅಂಗಡಿಗೆ ಹೋದರು.

“ಯಾರ ಕೂಡ ಓಡಿ ಹೋಗಿದ್ದಿ?” ಎಂದು ಕೇಳಿದಳು ನಿಂಬೆವ್ವ.

“ನಾ ಓಡಿ ಹೋಗಲಿಲ್ಲವ್ವ. ನನ್ನ ಓಡಿಸಿದ್ರು.” ಇಂದುಮತಿ ಒಂದೊಂದೇ ಮಾತನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದಳು. “ಗಂಟಲದಾಗ ರಕ್ತ ಬಂತು. ಡಾಕ್ಟರು ಗಂಟ ಆಗೇತಿ, ಇನ್ನ ಹಾಡಬ್ಯಾಡ ಅಂದ್ರು. ನಿಮ್ಮಪ್ಪ ಬಸ್ಸಿಗೆ ಹತ್ತಿಸಿದ. ಕೂಸು ಕೊಡು ಅಂದೆ. ಕೂಸು ಇಲ್ಲೇ ಇರ್ಲಿ, ಅದಕ್ಕ ಗಂಟಲಾ ಐತಿ ಅಂದ.”

“ಕಪ್ಪು ಐದು ನಿನ್ನ ಸುರ ಅಂತ ಹೇಳಿ ಹೇಳಿ ನನ್ನ ಗಂಟಲಾ ಕೊಯ್ದ.”

“ನಂದೂ ಅಲ್ಲ ಅದು. ಆತನ ಬೆರಳಿಗೆ ಬ್ಯಾರೆ ಸುರ ಬರತಿದ್ದಿಲ್ಲ. ಗುರು ಕಲಿಸಿದ್ದು ಅದೊಂದ. ಅದನ್ನ ಒಪ್ಪಿಕೊಂಡ್ರ ಮರ್ಯಾದಿ ಹೊಕ್ಕೈತಿ ಅಂತ ನನ್ನ ಮ್ಯಾಲ ಹಾಕಿದ.”

ಕೇಳಿದಿರಾ? ಆ ಬೆರಳುಗಳು ನಲವತ್ತು ವರ್ಷಕ್ಕೂ ಮೇಲೆ ನನ್ನ ಮೈಮೇಲೆಯೇ ಓಡಾಡಿದ್ದವು. ಅವು ಕಪ್ಪು ಐದರಿಂದ ಕದಲದಿದ್ದದ್ದು ಬರದೇ ಇದ್ದದ್ದಕ್ಕೆ ಎಂದು ನನಗೇ ಹೊಳೆಯಲಿಲ್ಲ. ಎರಡು ತಲೆಮಾರಿನ ಕಂಠ ಒಬ್ಬ ಗಂಡಸಿನ ಜಂಬಕ್ಕೆ ಹೋಯಿತು, ಆ ಕೆಲಸವನ್ನು ಮಾಡಿಕೊಟ್ಟದ್ದು ನಾನು. ಮೂವತ್ತಾರು ವರ್ಷ ಈ ಹೆಂಗಸನ್ನು ಮನಸ್ಸಿನಲ್ಲೇ ಶಪಿಸಿದೆನಲ್ಲ, ಆ ಪಾಪ ಬೇರೆ.

ನಿಂಬೆವ್ವನ ಕೈ ಮೊರದಲ್ಲಿ ಬೇಳೆಯನ್ನು ಸುಮ್ಮನೆ ಆ ಕಡೆ ಈ ಕಡೆ ತಳ್ಳುತ್ತಿತ್ತು. “ಆಮ್ಯಾಲ ಬರಬೌದಿತ್ತಲ್ಲ?” ಎಂದಳು.

“ಮೊದಲನೆ ವರ್ಷ ಬಂದೆ. ಗೇಟಿನಾಗ ತಡದ್ರು. ಆಮ್ಯಾಲ ಬರಬೌದಿತ್ತು. ಬರಲಿಲ್ಲ. ಬೋರ್ಡ್ ನೋಡತಿದ್ದೆ, ಜ್ಯೂನಿಯರ್ ಇಂದುಮತಿ ಅಂತ. ಆ ಹೆಸರ ನೋಡಿದ್ರ ನಿಮ್ಮಪ್ಪನ ಕ್ವಾಲು ಕಂಡಂಗ ಆಗತಿತ್ತು, ಹೊಳ್ಳಿ ಹೋಗತಿದ್ದೆ. ಈಗ ನಾ ಇಟ್ಟ ಹೆಸರ ಕಂಡ್ತು.” ತಂಬಿಗೆಯ ನೀರು ಒಂದು ಗುಟುಕು ಕುಡಿದು ಸೇರಿಸಿದಳು, “ಬರದೇ ಇದ್ದದ್ದಕ್ಕ ನನ್ನ ಕಡೆ ಜವಾಬಿಲ್ಲವ್ವ. ನೀ ಬೈದ್ರ ಬೈಸಿಕೊಂಡು ಹೊಕ್ಕೀನಿ.”

ನಿಂಬೆವ್ವ ಬೈದಳು. ಮನಸ್ಸು ತಣಿಯುವ ತನಕ ಬೈದಳು. ಬಾವಿಯ ನೀರು, ತಾಳದ ಕೋಲು, ತಂದೆಯ ಹೆಣದ ಹತ್ತಿರದಿಂದ ಸರಿದು ನಿಂತದ್ದು, ಎಲ್ಲ ಹೇಳಿ ಬೈದಳು. ಕೊನೆಗೆ ನಿಂಬೆವ್ವ ಎದ್ದು ರೊಟ್ಟಿ, ಪಲ್ಯ ತಂದು ಬಡಿಸಿ, “ಉಣ್ಣು” ಎಂದಳು. ಮುದುಕಿ ಸಣ್ಣ ಸಣ್ಣ ತುತ್ತು ಮಾಡಿ ಕಷ್ಟಪಟ್ಟು ನುಂಗಿದಳು. ನಿಂಬೆವ್ವ ಅದನ್ನು ನೋಡುತ್ತ ಕೂತಿದ್ದು ಕೇಳಿದಳು, “ಅವ್ವ, ಮತ್ತ ನಿನ್ನ ಸುರ ಯಾವುದಿತ್ತು?”

ಮುದುಕಿಯ ಕೈ ಗಂಗಾಳದಲ್ಲೇ ನಿಂತಿತು. “ಗೊತ್ತಿಲ್ಲವ್ವ. ಯಾರೂ ಕೇಳಲಿಲ್ಲ” ಎಂದಳು.

ಈಗ ನನ್ನ ತಿದಿಗೆ ಏಳು ತೇಪೆಗಳಿವೆ. ಎರಡು ಮನೆಗಳು ಮೂಕವಾಗಿವೆ. ದೊಡ್ಡ ಥೇಟರು ತುಂಬಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಆ ದಿನ ಊಟವಾದ ಮೇಲೆ ನಿಂಬೆವ್ವ ತಾನೇ ನನ್ನ ಮುಂದೆ ಕೂತು, ಪಕ್ಕದಲ್ಲಿ ತಾಯಿಗೆ ಸ್ಟೂಲು ಹಾಕಿದಳು. ಮೆಲ್ಲಗೆ ತುಳಿದಳು. ಬಿಳಿ ಮೂರು ಒತ್ತಿದಳು. ಮುದುಕಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಕಪ್ಪು ಎರಡು ಒತ್ತಿದಳು. ಗಾಳಿಯೇ. ಬಿಳಿ ಎರಡಕ್ಕೆ ಗಂಟಲಿನಲ್ಲಿ ಏನೋ ಗೊರ ಗೊರ ಅಂದಿತು, ಮುದುಕಿ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿಂಬೆವ್ವ ಆ ಸೆರಗನ್ನು ಸರಿಸಿದಳು.

“ಇನ್ನೊಂದ ಮನಿ ಕೆಳಗ ಹೋಗೂಣೇನವ್ವ?”

ಇಂದುಮತಿಯ ಅರವತ್ತೈದು ವರ್ಷದಲ್ಲಿ ಮೊದಲನೆಯ ಸಲ ಯಾರೋ ಕೇಳಿದ್ದರು. ಮುದುಕಿ ಮಗಳ ಮುಖ ನೋಡಿದಳು.

“ಹೋಗೂಣು” ಎಂದಳು. “ನಿಧಾನ ಹೋಗೂಣು.”